ಭಾನುವಳ್ಳಿಯ ನೀರಿನ ಗಂಟೆ

ಕಳೆದ ಶ್ರಾವಣದಲ್ಲಿ ನನ್ನ ಶ್ರುತಿಪೆಟ್ಟಿಗೆ ಇದ್ದಕ್ಕಿದ್ದಂತೆ ಮೂಕವಾಯಿತು. ಷಡ್ಜದ ಆಸರೆಯಿಲ್ಲದೆ ಬೆಳಗಿನ ಸ್ತೋತ್ರಪಾಠಕ್ಕೆ ಕುಳಿತು ನನಗೆ ಅಭ್ಯಾಸವಿಲ್ಲ. ಆದ್ದರಿಂದ ಅದನ್ನು ಚೀಲದಲ್ಲಿಟ್ಟುಕೊಂಡು ದಾವಣಗೆರೆಯ ಮಂಡಿಪೇಟೆಯ ಹಿಂದಿನ ಓಣಿಯಲ್ಲಿರುವ ರಿಪೇರಿ ಅಂಗಡಿಗೆ ಹೋದೆ. ಮೊಬೈಲುಗಳ ಹೊಟ್ಟೆ ಬಗೆದುಕೊಂಡು ಕುಳಿತಿದ್ದ ಅಂಗಡಿಯವರು, "ಕೂಡ್ರಿ ಅಜ್ಜಾರೆ, ಒಂದು ವೈರ್ ಬಿಟ್ಟೈತೆ ಅಷ್ಟೇ" ಎಂದು ಸ್ಟೂಲನ್ನು ಮುಂದೆ ಸರಿಸಿ, ಕಾದ ಬೆಸುಗೆಕಡ್ಡಿಯನ್ನು ಒಂದು ಹಳದಿಯ ಹರಳಿಗೆ ತಾಗಿಸಿದರು. ಚುಯ್ ಎಂದು ಒಂದೆಳೆ ಹೊಗೆ ಎದ್ದಿತು.

ರಾಳದ ಹೊಗೆ. ದೇವರ ಮುಂದೆ ಕೆಂಡದ ಮೇಲೆ ನಾವು ಉದುರಿಸುವ ರಾಳಕ್ಕೂ ಬೆಸುಗೆಯವರ ರಾಳಕ್ಕೂ ಕುಲವೊಂದೇ. ಜೀವಮಾನವೆಲ್ಲ ಪೂಜೆ ಮಾಡಿಕೊಂಡು ಬಂದವನ ಮೂಗಿಗೆ ಆ ವಾಸನೆ ಗರ್ಭಗುಡಿಯನ್ನು ತಂದುಕೊಡಬೇಕಿತ್ತು. ಆದರೆ ಅದು ತಂದುಕೊಟ್ಟದ್ದು ಹರಿಹರದ ನಮ್ಮ ಪ್ರೌಢಶಾಲೆಯ ಹಿಂಬದಿಯ ಒಂದು ಕೋಣೆಯನ್ನು, ಅಲ್ಲಿ ತಲೆಗೆ ತಲೆ ತಾಗಿಸಿ ಕುಳಿತ ಒಂಬತ್ತನೆಯ ತರಗತಿಯ ಮಕ್ಕಳನ್ನು, ಹಾಗೆ ಬಂದು ಹಾಗೆಯೇ ಹೋಗಿಬಿಟ್ಟ ಒಂದು ವರ್ಷವನ್ನು. ಪೆಟ್ಟಿಗೆ ಸರಿಹೋಯಿತು, ಹಣ ಕೊಟ್ಟೆ. ಏಳುವುದಕ್ಕೆ ಮಾತ್ರ ಮನಸ್ಸು ಬರಲಿಲ್ಲ.

ಆಗ ತೊಂಬತ್ತರ ದಶಕ ಮುಗಿಯುತ್ತ ಬಂದಿತ್ತು. ನಾನು ಆ ಶಾಲೆಯಲ್ಲಿ ಕನ್ನಡ ಮತ್ತು ಸಂಸ್ಕೃತದ ಅಧ್ಯಾಪಕ. ಬೆಳಗ್ಗೆ ತುಂಗಭದ್ರೆಯಲ್ಲಿ ಮುಳುಗು, ಹರಿಹರೇಶ್ವರನ ದರ್ಶನ, ಮನೆಯ ಪೂಜೆ, ಅನಂತರ ಶಾಲೆ. ಒಂದೇ ವಿಗ್ರಹದಲ್ಲಿ ಅರ್ಧ ಹರನೂ ಅರ್ಧ ಹರಿಯೂ ಆಗಿ ನಿಂತಿರುವ ಆ ಸ್ವಾಮಿಯ ಮುಂದೆ ದಿನವೂ ಕೈಮುಗಿಯುತ್ತಿದ್ದ ನಾನು, ವಿದ್ಯೆಯ ವಿಷಯಕ್ಕೆ ಬಂದಾಗ ಮಾತ್ರ ಒಂದು ದಾರಿಯನ್ನಷ್ಟೇ ಬಲ್ಲವನಾಗಿದ್ದೆ: ಮೊದಲು ಶಾಸ್ತ್ರ, ಆಮೇಲೆ ಪ್ರಯೋಗ. ನನ್ನ ಗುರುಗಳು ಹಾಗೆಯೇ ಹೇಳಿಕೊಟ್ಟಿದ್ದರು. ನಾನೂ ಹಾಗೆಯೇ ಹೇಳಿಕೊಡುತ್ತಿದ್ದೆ.

ಮೃಗಶಿರ ಮಳೆ ಹಿಡಿದ ದಿನಗಳಲ್ಲಿ ವಿಮಲಾ ಬಂದರು. ತಾತ್ಕಾಲಿಕ ನೇಮಕದ ವಿಜ್ಞಾನದ ಅಧ್ಯಾಪಕಿ. ಇನ್ನೂ ಎಳೆಯ ವಯಸ್ಸು. ಆವರಗೆರೆಯಿಂದ ದಿನವೂ ಬಸ್ಸಿನಲ್ಲಿ, ಒಂದು ಕೈಯಲ್ಲಿ ಕೊಡೆ, ಇನ್ನೊಂದು ಕೈಯಲ್ಲಿ ಇಕ್ಕಳ, ತಂತಿ, ಬೆಸುಗೆಕಡ್ಡಿಗಳನ್ನು ತುಂಬಿದ ತಗಡಿನ ಪೆಟ್ಟಿಗೆ ಹಿಡಿದು ಬರುತ್ತಿದ್ದರು. ಅದೇ ಬೇಸಿಗೆಯಲ್ಲಿ ದಾವಣಗೆರೆಯ ವರ್ತಕರೊಬ್ಬರು ತಮ್ಮ ಕಚೇರಿಯ ಹಳೆಯ ಕಂಪ್ಯೂಟರನ್ನು ಶಾಲೆಗೆ ದಾನವಾಗಿ ಕೊಟ್ಟಿದ್ದರು. ಮುಖ್ಯೋಪಾಧ್ಯಾಯರು ಅದಕ್ಕೆ ಮಕಮಲ್ಲಿನ ಹೊದಿಕೆ ಹೊಲಿಸಿ, ಮಕ್ಕಳು ಪಾದರಕ್ಷೆ ಬಿಟ್ಟು, ಸಾಲಾಗಿ ಬಂದು, ದೂರದಿಂದ ನೋಡಿ ಹೋಗತಕ್ಕದ್ದೆಂದು ಅಪ್ಪಣೆ ಮಾಡಿದ್ದರು. ವಿಮಲಾ ಮೊದಲ ದಿನವೇ ಆ ಹೊದಿಕೆಯನ್ನು ತೆಗೆದು ಬಿಸಿಲು ಬೀಳುವ ಕಿಟಕಿಗೆ ಪರದೆ ಕಟ್ಟಿದರು.

"ಏನ್ರೀ ಮೇಡಂ, ಮಕ್ಕಳು ಮುಟ್ಟಿ ಕೆಡಿಸಿದ್ರೆ?" ಎಂದರು ಮುಖ್ಯೋಪಾಧ್ಯಾಯರು.

"ಕೆಡಿಸ್ಲಿ ಸಾರ್. ಕೆಟ್ಟದ್ದನ್ನ ಬಿಚ್ಚಿ ನೋಡ್ತಾರೆ."

ಅವರ ಬೋಧನೆಯ ಕ್ರಮವೇ ಹಾಗಿತ್ತು. ಒಂಬತ್ತನೆಯ ತರಗತಿಗೆ ಹೋಗಿ, "ನಿಮ್ಮ ಮನೇಲಿ, ನಿಮ್ಮ ಓಣೀಲಿ, ಯಾರಿಗೆ ಏನು ತೊಂದ್ರೆ ಐತೆ ನೋಡ್ಕೊಂಡು ಬರ್ರಿ. ವರ್ಷ ಮುಗಿಯೋದ್ರೊಳಗೆ ಅದಕ್ಕೊಂದು ಉಪಾಯ ನೀವೇ ಕಟ್ಬೇಕು. ಕಟ್ಟೋಕೆ ಯಾವ ವಿದ್ಯೆ ಬೇಕೋ ಅದನ್ನ ಅವತ್ತವತ್ತೇ ಕಲಿಯೋಣ" ಎಂದುಬಿಟ್ಟರು. ಇದನ್ನು ಕೇಳಿ ನನಗೆ ಕಳವಳವಾಯಿತು. ಅಡಿಪಾಯವಿಲ್ಲದೆ ಗೋಪುರವೇ ಎಂದು ಅವರನ್ನೇ ಕೇಳಿದೆ.

"ಗುರುಗಳೇ, ನೀವು ಸಣ್ಣವರಿದ್ದಾಗ ಮಂತ್ರ ಕಲಿತ್ರಲ್ಲ, ಅವತ್ತು ಅರ್ಥ ಗೊತ್ತಿತ್ತೇನ್ರೀ?"

"ಇಲ್ಲಮ್ಮ. ಹೇಳುತ್ತ ಹೇಳುತ್ತ ತಿಳಿಯಿತು."

"ಇವರಿಗೂ ಹಂಗೇ. ಮಾಡ್ತಾ ಮಾಡ್ತಾ ತಿಳಿಯುತ್ತೆ" ಎಂದು ನಕ್ಕರು. ಉತ್ತರ ಕೊಡಲು ನನ್ನಲ್ಲಿ ಶಾಸ್ತ್ರವಚನಗಳು ಬೇಕಾದಷ್ಟಿದ್ದವು; ಅವನ್ನು ನುಂಗಿಕೊಂಡು ನನ್ನ ತರಗತಿಗೆ ನಡೆದೆ.

ಆ ತರಗತಿಯಲ್ಲಿ ಕರಿಬಸಮ್ಮ ಎಂಬ ಹುಡುಗಿಯಿದ್ದಳು. ಭಾನುವಳ್ಳಿಯವಳು, ಉಕ್ಕಡಗಾತ್ರಿಯ ಸ್ವಾಮಿಗೆ ಅಜ್ಜಿ ಹರಕೆ ಹೊತ್ತು ಪಡೆದ ಮೊಮ್ಮಗಳಾದ್ದರಿಂದ ಆ ಸ್ವಾಮಿಯ ಹೆಸರು. ಕೇಳಿದರೆ ಮಾತ್ರ ಉತ್ತರ, ಅದೂ ನೆಲವನ್ನು ನೋಡಿಕೊಂಡು. ಅಂಥವಳು ತನ್ನ ಸರದಿ ಬಂದಾಗ ಎದ್ದುನಿಂತು, "ನಮ್ಮಜ್ಜ ಕಾಲುವೆ ದಂಡಿಮ್ಯಾಲೆ ಕುಂತು ಕುಂತು ದಮ್ಮು ಹಿಡಿಸ್ಕೊಂಡೈತೆ ಮಿಸ್" ಎಂದಳು.

"ಯಾಕ ಕೂಡ್ತಾರೆ?"

"ನೀರು ಯಾವ ಹೊತ್ತಿಗೆ ಬರ್ತೈತೋ ತಿಳಿಯಲ್ಲ. ಸರದಿ ಮ್ಯಾಲೆ ಬಿಡ್ತಾರೆ. ನಮ್ಮ ಗದ್ದೆ ಕಟ್ಟಕಡೇದು. ಬಂದಾಗ ತೂಬು ತೆಗೀಲಿಲ್ಲಂದ್ರೆ ಮುಂದಕ್ಕೆ ಹೋಗಿಬಿಡ್ತೈತೆ."

"ಮುಂದೆ ಯಾರದ್ದೈತೆ?"

"ಹಳ್ಳ ಐತೆ ಮಿಸ್."

ತರಗತಿಯೆಲ್ಲ ನಕ್ಕಿತು. ಹಿಂದಿನ ಬೆಂಚಿನಿಂದ ಇಮ್ತಿಯಾಜ್ ಎದ್ದ. ಅವನ ತಂದೆ ಲೇತ್ ಯಂತ್ರದ ಕೆಲಸಗಾರರು. ಹುಡುಗನ ಕಿಸೆಯಲ್ಲಿ ಬಳಪಕ್ಕಿಂತ ಹೆಚ್ಚಾಗಿ ಸ್ಕ್ರೂಗಳೇ ಇರುತ್ತಿದ್ದವು. "ನೀರು ಬಂದ್ ಕೂಡ್ಲೇ ಮನ್ಯಾಗೆ ಗಂಟೆ ಹೊಡೆಯಂಗೆ ಮಾಡಿದ್ರೆ ಹೆಂಗೆ ಮಿಸ್? ಅಜ್ಜ ಬೆಚ್ಚಗೆ ಮಲಗ್ತೈತೆ" ಎಂದ. ಹೀಗೆ ಆ ಇಬ್ಬರ ಪಾಲಿಗೆ ನೀರಿನ ಗಂಟೆ ಬಂದಿತು.

ಅದರ ಒಳಗುಟ್ಟು ನನ್ನಂಥವನಿಗೂ ತಿಳಿಯುವಷ್ಟು ಸರಳವಾಗಿತ್ತು. ಒಂದು ಹಿತ್ತಾಳೆಯ ತಂಬಿಗೆ. ಅದರ ಪಕ್ಕೆಗೆ ತೂತುಗಳು. ಒಳಗೆ ಒಂದಕ್ಕೊಂದು ತಾಗದಂತೆ ನಿಂತ ಎರಡು ತಾಮ್ರದ ಕಡ್ಡಿಗಳು. ಕಾಲುವೆಯ ನೀರು ಏರಿ ಎರಡನ್ನೂ ಮುಟ್ಟಿದಾಗ ಒಂದರಿಂದ ಇನ್ನೊಂದಕ್ಕೆ ವಿದ್ಯುತ್ತು ಸುಳಿಯುತ್ತದೆ. ಆ ಕ್ಷೀಣವಾದ ಸುಳಿವನ್ನು ಬಲಪಡಿಸಿ, ಟಾರ್ಚಿನ ಸೆಲ್ಲುಗಳಿಂದ ಮನೆಯಲ್ಲಿರುವ ಗಂಟೆಯನ್ನು ಬಾರಿಸಬೇಕು. ಆ ಬಲಪಡಿಸುವ ಪುಟ್ಟ ಹಲಗೆಯನ್ನು ಬೆಸೆಯುವುದನ್ನು ಮಕ್ಕಳು ಆಷಾಢವೆಲ್ಲ ಕಲಿತರು. ಹೊರಗೆ ಹೊಳೆ ಕೆಂಪಗೆ ತುಂಬಿ ಮೆಟ್ಟಿಲುಗಳನ್ನು ನುಂಗುತ್ತಿತ್ತು. ಒಳಗೆ ರಾಳದ ಹೊಗೆ. ನನ್ನ ಪಾಠದ ಕೊಠಡಿ ಪಕ್ಕದ್ದೇ ಆದ್ದರಿಂದ ಸಮಾಸಗಳನ್ನು ಬಿಡಿಸುವಾಗಲೂ ನನಗೆ ಯಾವುದೋ ಪೂಜೆ ನಡೆಯುತ್ತಿದೆಯೆಂಬ ಭಾವನೆ ಬರುತ್ತಿತ್ತು.

ಕಂಪ್ಯೂಟರಿನ ಕೆಲಸ ಕರಿಬಸಮ್ಮನದು. ಅಜ್ಜನ ಬಾಯಿಂದ ಹಿಂದಿನ ಸರದಿಗಳ ದಿನಗಳನ್ನೆಲ್ಲ ಕೇಳಿ ತಂದು, ಮುಂದಿನ ಸರದಿ ಸುಮಾರು ಯಾವ ದಿನ ಬಿದ್ದೀತೆಂದು ಲೆಕ್ಕ ಹಾಕಿ ಹೇಳುವ ಒಂದು ಕ್ರಮವಿಧಿಯನ್ನು ಅವಳು ಅದರಲ್ಲಿ ಬರೆದಳು. ದಿನವನ್ನು ಯಂತ್ರ ಹೇಳಬೇಕು, ಹೊತ್ತನ್ನು ಗಂಟೆ ಹೇಳಬೇಕು. ಮೊದಮೊದಲು ಒಂದೊಂದು ಅಕ್ಷರದ ಗುಂಡಿಯನ್ನು ಹುಡುಕುವುದಕ್ಕೇ ತಡಕಾಡುತ್ತಿದ್ದವಳು ದಸರೆಯ ಹೊತ್ತಿಗೆ ಗುಂಡಿಗಳನ್ನು ನೋಡದೆಯೇ ಒತ್ತುತ್ತಿದ್ದಳು. ತಪ್ಪು ಬಂದರೆ ತುಟಿ ಕಚ್ಚಿ, "ತಡೀ, ತಡೀ" ಎಂದು ಯಂತ್ರವನ್ನೇ ಸಮಾಧಾನ ಮಾಡುತ್ತಿದ್ದಳು. ಆಯುಧಪೂಜೆಯ ದಿನ ನಾನೇ ಆ ಯಂತ್ರಕ್ಕೆ ಗಂಧಾಕ್ಷತೆಗಳನ್ನಿಟ್ಟು ಮಂಗಳಾರತಿ ಮಾಡಿದೆ. ವಿಮಲಾ ಮೆಲ್ಲನೆ ಹತ್ತಿರ ಬಂದು, "ಗುರುಗಳೇ, ಪೆಟ್ಟಿಗೆಗೆ ಹಚ್ರಿ, ಗುಂಡಿಗಳಿಗೆ ಮಾತ್ರ ಬ್ಯಾಡ" ಎಂದರು.

ನಾನು ಆ ಕೋಣೆಗೆ ಸೇರಿದವನಾದದ್ದು ಬೇರೊಂದು ಬಾಗಿಲಿನಿಂದ. ಪ್ರತಿಯೊಂದು ಗುಂಪೂ ತಾನು ಕಟ್ಟುತ್ತಿರುವುದನ್ನು ಮನೆಯ ಹಿರಿಯರಿಗೆ ಅರ್ಥವಾಗುವ ಕನ್ನಡದಲ್ಲಿ ವಿವರಿಸಬೇಕೆಂಬುದು ವಿಮಲಾರ ನಿಯಮ. ಅದನ್ನು ತಿದ್ದುವ ಹೊಣೆ ನನಗೆ ಬಂದಿತು. "ನೀರು ಬಂದಾಗ ಬಾರಿಸುವುದೇ ನೀರಿನ ಗಂಟೆ" ಎಂದು ಬರೆದುಕೊಂಡು ಬಂದರು. ಪಾಠಶಾಲೆಯಲ್ಲಿ ನನ್ನ ಗುರುಗಳು ತರ್ಕಶಾಸ್ತ್ರದ ಮೊದಲ ಪಾಠದಲ್ಲಿ ಹೇಳಿಕೊಟ್ಟದ್ದನ್ನು ನಾನು ಅವರಿಗೆ ಹೇಳಿದೆ: ಒಂದು ಲಕ್ಷಣವನ್ನು ಹೇಳಿದರೆ ಅದರಲ್ಲಿ ದೋಷಗಳಿರಬಾರದು. ಸೇರಬೇಕಾದದ್ದು ಹೊರಗುಳಿದರೆ ಅವ್ಯಾಪ್ತಿ. ಸೇರಬಾರದ್ದು ಒಳಗೆ ಬಂದರೆ ಅತಿವ್ಯಾಪ್ತಿ. "ನೀರು ಬಂದೂ ನಿಮ್ಮ ಗಂಟೆ ಬಾರಿಸದಿದ್ದರೆ ಅವ್ಯಾಪ್ತಿ. ಮಳೆಹನಿಗೂ ಬಾರಿಸಿಬಿಟ್ಟರೆ?"

"ಅತಿವ್ಯಾಪ್ತಿ!" ಎಂದು ಇಮ್ತಿಯಾಜ್ ಕೂಗಿದ. ಆ ಮಾತು ಅವನಿಗೆ ಬಹಳ ಹಿಡಿಸಿತು. ಕೆಲವೇ ದಿನಗಳಲ್ಲಿ ಹಸ್ತ ಮಳೆ ಸುರಿದು, ಅಂಗಳದಲ್ಲಿಟ್ಟಿದ್ದ ತಂಬಿಗೆಗೆ ನಾಲ್ಕು ಹನಿ ಬಿದ್ದು ಗಂಟೆ ಕಿರುಚಿದಾಗ, ಅವನು ನೆನೆದುಕೊಂಡೇ ಅಧ್ಯಾಪಕರ ಕೋಣೆಗೆ ನುಗ್ಗಿ, "ಗುರುಗಳೇ, ಅತಿವ್ಯಾಪ್ತಿ ಆಗಿಬಿಟ್ಟೈತೆ!" ಎಂದ. ಗಣಿತದ ಮೇಷ್ಟರು ಚಹದ ಲೋಟವನ್ನು ಕೆಳಗಿಟ್ಟು, "ಯಾರಿಗೋ? ದವಾಖಾನಿಗೆ ಕರ್ಕೊಂಡು ಹೋಗ್ರೋ ಮೊದ್ಲು" ಎಂದರು. ನನ್ನ ಗುರುಗಳ ಪಾಠಶಾಲೆ ಯಾವಾಗಲೋ ಮುಚ್ಚಿಹೋಗಿತ್ತು. ಅಲ್ಲಿಯ ಒಂದು ಪದ ಒದ್ದೆಯಾದ ಹುಡುಗನೊಬ್ಬನ ಬಾಯಲ್ಲಿ, ಒಂದು ಯಂತ್ರವನ್ನು ತಿದ್ದುವುದಕ್ಕಾಗಿ, ಮತ್ತೆ ಉಸಿರಾಡುವುದನ್ನು ಕೇಳಿ ನನಗೆ ಆದ ಸಂತೋಷವನ್ನು ಯಾರೊಡನೆಯೂ ಹೇಳಿಕೊಳ್ಳಲಿಲ್ಲ. ಮಕ್ಕಳು ತಂಬಿಗೆಗೆ ತಗಡಿನ ಕೊಡೆ ಹಾಕಿದರು; ದೋಷ ಕಳೆಯಿತು.

ದೀಪಾವಳಿ ಕಳೆದ ಮೇಲೆ ಒಂದು ಮಧ್ಯಾಹ್ನ ಕರಿಬಸಮ್ಮನ ಅಜ್ಜ ರುದ್ರಪ್ಪನವರು ಶಾಲೆಗೆ ಬಂದರು. ಬಿಳಿಯ ಧೋತರ, ಹಣೆತುಂಬ ವಿಭೂತಿ, ಹೆಗಲ ಮೇಲೆ ಟವೆಲು. ಆಡಿದ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳದ ಮನುಷ್ಯನೆಂದು ಭಾನುವಳ್ಳಿಯ ಕಡೆಯಿಂದ ಬರುವ ಮಕ್ಕಳೆಲ್ಲ ಹೇಳುತ್ತಿದ್ದರು; ಮನೆಯಲ್ಲಿ ಅವರ ಮಗನೂ ಅವರೆದುರು ಕುಳಿತು ಮಾತಾಡಿದವನಲ್ಲ. ನನ್ನನ್ನು ಕಂಡು ಕೈಮುಗಿದು, ವಿಮಲಾರ ಕಡೆ ತಿರುಗಿದರು.

"ನಾಲ್ಕೂವರೆ ಬಸ್ಸಿಗೆ ಬರೋ ಹುಡ್ಗಿ ದಿನಾ ದೀಪ ಹಚ್ಚೋ ಹೊತ್ತಿಗೆ ಬರ್ತಾಳೆ. ಯಾಕಂದ್ರೆ ಗಂಟೆ ಅಂತಾಳೆ. ಏನ್ರವ್ವ ಇದು, ಸಾಲಿಯೋ, ಗುಜರಿ ಅಂಗಡಿಯೋ?"

"ನಿಮಗೋಸ್ಕರನೇ ಮಾಡ್ತಿದ್ದಾಳೆ ಅಜ್ಜಾರೆ. ನೀವು ಕಾಲುವೆ ಮ್ಯಾಲೆ ಕೂಡೋದು ತಪ್ಪಲಿ ಅಂತ."

"ನಮ್ಮಪ್ಪ ಕುಂತ, ನಾ ಕುಂತೆ. ನೀರು ಕಾಯೋನಿಗೆ ಗಂಟೆ ಯಾಕ?" ಎಂದರು. ಅಷ್ಟರಲ್ಲಿ ಕೆಮ್ಮು ಬಂದು ಮಾತು ನಿಂತಿತು. ಮೊಮ್ಮಗಳು ಬಾಗಿಲ ಮರೆಯಲ್ಲಿ ನಿಂತು ಅವರ ಉಸಿರು ಮರಳುವುದನ್ನೇ ನೋಡುತ್ತಿದ್ದಳು. ಅವಳನ್ನು ಕಂಡು ಅವರ ದನಿ ತಗ್ಗಿತು. "ನೋಡ್ರಿ, ನಮ್ಮ ಮನ್ಯಾಗೆ ಹೆಣ್ಣುಮಕ್ಕಳು ಏಳನೇತ್ತ ದಾಟಿದ್ದಿಲ್ಲ. ಈಕಿ ಹಟ ಮಾಡಿದ್ಲು, ಬಿಟ್ಟೆ. ಸಂಕ್ರಾಂತಿ ಆದಮ್ಯಾಲೆ ಬೇಸಿಗೆ ಬೆಳೆಗೆ ನೀರು ಬಿಡ್ತಾರೆ. ಮೊದಲ್ನೇ ಸರದಿಗೆ ಈ ಗಂಟೆ ಬಾರಿಸ್ಲಿ, ಹತ್ತನೇತ್ತನೂ ಓದ್ಲಿ. ಬಾರಿಸ್ಲಿಲ್ಲಂದ್ರೆ ಸಾಲಿ ಸಾಕು. ಇದು ನನ್ನ ಮಾತು."

ಅಂದಿನಿಂದ ಆ ಕೋಣೆಯಲ್ಲಿ ನಗು ಕಡಿಮೆಯಾಯಿತು. ಬಾಳೆನಾರಿನಂಥ ತೆಳ್ಳನೆಯ ಹುಡುಗಿ ತನ್ನ ಓದನ್ನೇ ಆ ಎರಡು ಕಡ್ಡಿಗಳ ನಡುವಿನ ಬೆರಳಗಲದ ಜಾಗದಲ್ಲಿ ಇಟ್ಟು ಕೂತಿದ್ದಾಳೆಂದು ಎಲ್ಲರಿಗೂ ಗೊತ್ತಿತ್ತು. ಬೆಸುಗೆಯನ್ನು ಬಿಚ್ಚಿ ಮತ್ತೆ ಬೆಸೆದರು. ಬಕೆಟ್ಟಿನಲ್ಲಿ, ಶಾಲೆಯ ತೊಟ್ಟಿಯಲ್ಲಿ, ಹೊಳೆಯ ಮೆಟ್ಟಿಲಿನಲ್ಲಿ ಇಟ್ಟು ನೋಡಿದರು. ಎಲ್ಲೆಲ್ಲಿಯೂ ಗಂಟೆ ಬಾರಿಸಿತು. ಸಂಕ್ರಾಂತಿ ಕಳೆದ ವಾರ ಭಾನುವಳ್ಳಿಗೆ ಹೋಗಿ, ಗದ್ದೆಗೆ ನೀರು ಹೊರಳುವ ತೂಬಿನ ಬಾಯಲ್ಲಿ ತಂಬಿಗೆಯನ್ನು ನಿಲ್ಲಿಸಿ, ಬೇಲಿಯ ಗೂಟಗಳ ಮೇಲೆ ತಂತಿ ಎಳೆದು, ಹಿತ್ತಲ ಗೋಡೆಗೆ ಗಂಟೆ ಕಟ್ಟಿ ಬಂದರು.

ಮೊದಲ ಸರದಿಯ ನೀರು ಬಂದಿತು. ಗಂಟೆ ಬಾರಿಸಲಿಲ್ಲ.

ಬೆಳಗ್ಗೆ ಎದ್ದು ನೋಡಿದರೆ ತೂಬು ಮುಚ್ಚಿದಂತೆಯೇ ಇತ್ತು. ನೀರು ಗದ್ದೆಯನ್ನು ಬಳಸಿಕೊಂಡು ಹಳ್ಳಕ್ಕೆ ಹೋಗಿತ್ತು. ಮೊಮ್ಮಗಳ ಮಾತು ನಂಬಿ ಅಜ್ಜ ಅಂದು ಮನೆಯಲ್ಲಿ ಮಲಗಿದ್ದರು. ಈ ಸುದ್ದಿ ನಮಗೆ ಬಂದದ್ದು ಅದೇ ಊರಿನ ಬೇರೆ ಮಕ್ಕಳಿಂದ. ಕರಿಬಸಮ್ಮ ಶಾಲೆಗೆ ಬರಲಿಲ್ಲ. ಮರುದಿನವೂ ಇಲ್ಲ, ಆ ವಾರವೆಲ್ಲ ಇಲ್ಲ. ಇಮ್ತಿಯಾಜ್ ಮಾತ್ರ ಕೋಣೆಯ ಮೂಲೆಯಲ್ಲಿ ಕುಳಿತು ತನ್ನ ಬೆಸುಗೆಯನ್ನೇ ಶಪಿಸಿಕೊಳ್ಳುತ್ತಿದ್ದ. ನಾನು ಹಾಜರಿ ಕರೆಯುವಾಗ ಅವಳ ಹೆಸರು ಬಂದಾಗ ಮಕ್ಕಳು ಬಾಗಿಲ ಕಡೆ ತಿರುಗುತ್ತಿದ್ದರು.

ಭಾನುವಾರ ವಿಮಲಾ, ಇಮ್ತಿಯಾಜ್ ಮತ್ತು ನಾನು ಭಾನುವಳ್ಳಿಯ ಬಸ್ಸು ಹತ್ತಿದೆವು. ದಾರಿಯುದ್ದಕ್ಕೂ ನಾಟಿಗೆ ಹದಗೊಳಿಸಿದ ಕೆಸರುಗದ್ದೆಗಳು ಕನ್ನಡಿಯಂತೆ ಮಲಗಿದ್ದವು. ರುದ್ರಪ್ಪನವರು ಕಟ್ಟೆಯ ಮೇಲೆ ಕುಳಿತಿದ್ದರು. "ಬರ್ರಿ ಗುರುಗಳೇ, ಕೂಡ್ರಿ. ಊಟ ಮಾಡ್ಕೊಂಡೇ ಹೋಗ್ಬೇಕು. ಆದ್ರೆ ಆ ವಿಷಯ ಮಾತ್ರ ಬ್ಯಾಡ" ಎಂದರು.

"ಮಾತು ಬೇಡ. ತಂಬಿಗೆಯನ್ನೊಮ್ಮೆ ನೋಡಬಹುದೇ?" ಎಂದೆ.

ನೋಡುವುದಕ್ಕೆ ಅವರು ಬೇಡವೆನ್ನಲಿಲ್ಲ. ಇಮ್ತಿಯಾಜ್ ಹಿತ್ತಲಿನಲ್ಲಿ ತಂತಿಯ ತುದಿಗಳನ್ನು ಜೋಡಿಸಿದ, ಗಂಟೆ ಬಾರಿಸಿತು. ಯಂತ್ರ ಸರಿಯಾಗಿಯೇ ಇತ್ತು. ಹಾಗಾದರೆ ಕೆಟ್ಟದ್ದೇನು? ನಾವು ತೂಬಿನ ಬಳಿಗೆ ನಡೆದೆವು. ತಗಡಿನ ಕೊಡೆಯನ್ನು ಎತ್ತಿ ಒಳಗೆ ನೋಡಿದ ವಿಮಲಾ ಗೊಂದಲಕ್ಕೆ ಬಿದ್ದರು. ನಾನು ಬಾಗಿದೆ. ನನಗೆ ನೋಡುವ ಮೊದಲೇ ತಿಳಿಯಿತು. ಅಭಿಷೇಕವಾದ ವಿಗ್ರಹದ ಹತ್ತಿರ ಬರುವ ಪರಿಮಳ ಅದು. ಎರಡು ಕಡ್ಡಿಗಳಿಗೂ ಬುಡದಿಂದ ತುದಿಯವರೆಗೆ ಹಸುವಿನ ತುಪ್ಪ ಸವರಿ, ಅದರ ಮೇಲೆ ದಪ್ಪನಾಗಿ ವಿಭೂತಿ ಬಳಿದಿತ್ತು. ತಂಬಿಗೆಯ ಕಂಠಕ್ಕೆ ಬಾಡಿದ ಮಲ್ಲಿಗೆ. ಹೊಸನೀರು ಬರುವ ಮುನ್ನ ತೂಬಿನ ಬಾಯಲ್ಲಿ ಗಂಗವ್ವನನ್ನು ಪೂಜಿಸುವುದು ಆ ಸೀಮೆಯ ಹಳೆಯ ಪದ್ಧತಿ. ಅಜ್ಜಿ ಕೊಟ್ರಮ್ಮ ಅದನ್ನು ಭಕ್ತಿಯಿಂದ ನಡೆಸಿದ್ದರು. ತುಪ್ಪ ಹೊದ್ದ ಕಡ್ಡಿಗಳನ್ನು ನೀರು ಮುಟ್ಟಲೇ ಇಲ್ಲ.

ನಾನು ತಲೆಯೆತ್ತಿದಾಗ ಕರಿಬಸಮ್ಮ ಬದುವಿನ ಮೇಲೆ ನಿಂತಿದ್ದಳು.

"ನನಗೆ ಗೊತ್ತಿತ್ತು ಗುರುಗಳೇ. ನೀರು ಹೋದ ಬೆಳಗ್ಗೇನೇ ನೋಡಿದ್ದೆ."

"ಹೇಳಬಾರದಿತ್ತೇನಮ್ಮ?"

"ಹೇಳಿದ್ರೆ ಅಜ್ಜ ಅಜ್ಜೀಗೆ ಬೈತಿತ್ತು. ಬೈಯ್ಲಿ ಬಿಡ್ರಿ, ಅದು ದಿನಾ ಇರೋದೇ. ಆದ್ರೆ ಅಜ್ಜಿ ಇರೋತನಕ 'ನನ್ನಿಂದ ಹುಡುಗಿ ಸಾಲಿ ಹೋತು' ಅಂತ ಕೊರಗ್ತಾಳೆ. ಅಷ್ಟಕ್ಕಿಂತ ಸಾಲಿ ಬಿಡೋದೇ ಸಣ್ಣದು ಅನ್ನಿಸ್ತು." ಅವಳು ಎಂದಿನಂತೆ ನೆಲವನ್ನು ನೋಡಲಿಲ್ಲ, ನನ್ನನ್ನೇ ನೋಡಿದಳು. "ನೀವೂ ಹೇಳಬ್ಯಾಡ್ರಿ."

ಹೇಳಿದರೆ ಅಜ್ಜಿಗೆ ನೋವು. ಹೇಳದಿದ್ದರೆ ಹುಡುಗಿಯ ಓದು ಹೋಯಿತು. ಮನೆಗೆ ಮರಳುವ ಆ ಸ್ವಲ್ಪ ದಾರಿಯಲ್ಲಿ ಸ್ವಾಮಿಯನ್ನು ಪ್ರಾರ್ಥಿಸುತ್ತ ನಡೆದೆ. ಕಟ್ಟೆಯ ಮೇಲೆ ಕುಳಿತಾಗ ನನ್ನ ಬಾಯಿಂದ ಬಂದದ್ದು ಮಕ್ಕಳಿಗೆ ನಾನೇ ಕಲಿಸಿದ್ದ ಮಾತು.

"ರುದ್ರಪ್ಪನವರೇ, ತಪ್ಪು ಸಿಕ್ಕಿತು. ಕಟ್ಟಿದವರದ್ದೇ. ನಿಮ್ಮ ಮನೆಯಲ್ಲಿ ಗಂಗಾಪೂಜೆಯಿಲ್ಲದೆ ನೀರು ತಿರುಗುವುದುಂಟೇ?"

"ಅದೆಂಗೆ? ನಮ್ಮವ್ವನ ಕಾಲದಿಂದ್ಲೂ ಐತೆ."

"ಆ ಪೂಜೆ ನಡೆಯುವುದೆಂದು ತಿಳಿದಿರಬೇಕಾಗಿತ್ತು, ಅದಕ್ಕೊಂದು ಸ್ಥಳ ಬಿಟ್ಟು ಕಟ್ಟಬೇಕಾಗಿತ್ತು. ಬಿಡಲಿಲ್ಲ. ಸೇರಬೇಕಾದದ್ದು ಹೊರಗುಳಿಯಿತು. ಇದು ಅವ್ಯಾಪ್ತಿಯೆಂಬ ದೋಷ."

ವಿಮಲಾ ತಕ್ಷಣ ಹೇಳಿದರು: "ಹೌದು ಅಜ್ಜಾರೆ. ನೀರು ಹೆಂಗೆ ಬರ್ತೈತೆ ಅಂತ ನೋಡಿದ್ವಿ. ಯಾರ ಮನೆಗೆ ಕಟ್ತೀವಿ ಅಂತ ನೋಡ್ಲಿಲ್ಲ. ತಪ್ಪು ನಮ್ದೇ."

ಬಾಗಿಲಲ್ಲಿ ನಿಂತು ಕೇಳುತ್ತಿದ್ದ ಕೊಟ್ರಮ್ಮ ಸೆರಗಿನಿಂದ ಕೈ ಒರೆಸಿಕೊಳ್ಳುವುದನ್ನು ನಿಲ್ಲಿಸಿದರು. "ಹಂಗಾರೆ ನಾ ತುಪ್ಪ ಹಚ್ಚಿದ್ದಕ್ಕ ಅದು ಸುಮ್ನಾತೇನ್ರಿ? ಗಂಗವ್ವನ ಬಾಯಿ ಕಾಯೋ ತಂಬಿಗೆ, ಬರೀ ಮೈಯಾಗೆ ಹೆಂಗೆ ಬಿಡ್ಲಿ ಅಂತ..." ಕರಿಬಸಮ್ಮ ಹೋಗಿ ಅವರ ತೋಳು ಹಿಡಿದಳು. ನಾವೆಲ್ಲ ರುದ್ರಪ್ಪನವರ ಮುಖವನ್ನು ನೋಡಿದೆವು. ಅವರು ಹೆಂಡತಿಯನ್ನು ನೋಡಿದರು, ಮೊಮ್ಮಗಳನ್ನು ನೋಡಿದರು. ಮೀಸೆ ತಿರುವಿದರು.

"ಅಲ್ಲಲೇ, ಗಂಗವ್ವಗೆ ಅಷ್ಟು ತುಪ್ಪ ಉಣ್ಣಿಸಿದ್ರೆ ಆಕಿ ಎದ್ದು ಗಂಟೆ ಹೊಡೀತಾಳೇನು? ತೇಗಿ ಮಲಗ್ತಾಳೆ."

ಮೊದಲು ನಕ್ಕದ್ದು ಅಜ್ಜಿ, ಕಣ್ಣೊರೆಸಿಕೊಳ್ಳುತ್ತಲೇ. ಎಲ್ಲರ ನಗು ಅಡಗಿದ ಮೇಲೆ ರುದ್ರಪ್ಪನವರು ಬೆರಳೆತ್ತಿದರು. "ಇನ್ನೊಂದು ಸರದಿ. ಅಲ್ಲೀತನಕ ಹುಡುಗಿ ಮನ್ಯಾಗೆ ಇರ್ಲಿ. ಬಾರಿಸಿದ್ರೆ ಸಾಲಿ, ಇಲ್ಲಾಂದ್ರೆ ಇಲ್ಲ. ಮಾತು ಮಾತೇ."

ಹುಡುಗಿ ಶಾಲೆಗೆ ಬರುವಂತಿರಲಿಲ್ಲ. ಶಾಲೆಯೇ ಅವಳ ಹಿತ್ತಲಿಗೆ ಹೋಯಿತು. ಪ್ರತಿ ಭಾನುವಾರ ವಿಮಲಾ ತಮ್ಮ ತಗಡಿನ ಪೆಟ್ಟಿಗೆಯೊಡನೆ ಹೊರಡುವರು. ನಾನೂ ಪೂಜೆ ಮುಗಿಸಿಕೊಂಡು ಅವರ ಜೊತೆಗೆ. ಬೇವಿನ ಮರದ ಕೆಳಗೆ ಕೊಟ್ರಮ್ಮನವರೇ ಪರೀಕ್ಷಕರು. ಪೂಜೆಗೆ ಏನೇನು ಬೇಕು, ಹಾಲು ಎಲ್ಲಿ ಸುರಿಯಬೇಕು, ಹೂವು ಎಲ್ಲಿ ನಿಲ್ಲಬೇಕು ಎಂದು ಮಕ್ಕಳು ಅವರನ್ನು ಕೇಳಿ ಕೇಳಿ ಬರೆದುಕೊಂಡರು. "ಏ ಇಮ್ತಿಯಾಜಾ, ದೇವ್ರಿಗ್ಯಾಕ ಇಷ್ಟು ಇಕ್ಕಟ್ಟು? ನಿಮ್ಮವ್ವಗೆ ಇಂಥಾ ಗೂಡಿನ್ಯಾಗ ಕೂಡಿಸ್ತೀಯೇನು?" ಎಂದು ಅಜ್ಜಿ ಬೈದರೆ ಅವನು ಮರುಮಾತಿಲ್ಲದೆ ಬಿಚ್ಚಿ ಅಗಲ ಮಾಡುವನು. ಕೊನೆಗೆ ಬಂದ ರೂಪ ಇದು: ಮೇಲೆ ಒಂದು ಚಪ್ಪಡಿ, ಅದರ ಮೇಲೆ ಪೂಜೆಯ ತಂಬಿಗೆ, ಸುರಿದದ್ದೆಲ್ಲ ಹೊರಗೆ ಹರಿದುಹೋಗಲು ಒಂದು ಕಿರುಗಾಲುವೆ, ಚಪ್ಪಡಿಯ ಕೆಳಗೆ, ಪಕ್ಕೆಗೆ ತೂತುಗಳುಳ್ಳ, ಬಿಗಿಯಾದ ಮುಚ್ಚಳದ ಮಣ್ಣಿನ ಕೊಳವೆಯಲ್ಲಿ ಕಡ್ಡಿಗಳು. ಅಜ್ಜಿ ಹಾಲು, ಮೊಸರು, ತುಪ್ಪ, ಅರಿಶಿನ, ವಿಭೂತಿ ಎಲ್ಲವನ್ನೂ ಮನಸಾರೆ ಅರ್ಪಿಸಿದ ಮೇಲೆ ಕರಿಬಸಮ್ಮ ಮುಚ್ಚಳ ತೆಗೆದು ತೋರಿಸಿದಳು. ಕಡ್ಡಿಗಳು ತೊಳೆದಿಟ್ಟಂತೆ ಹೊಳೆಯುತ್ತಿದ್ದವು.

ಆ ಭಾನುವಾರಗಳಷ್ಟು ಶುದ್ಧವಾದ ವಿದ್ಯೆಯನ್ನು ನಾನು ಹಿಂದೆ ಕಂಡಿರಲಿಲ್ಲ, ಮುಂದೆಯೂ ಕಾಣಲಿಲ್ಲ. ಮುಂದಿನದನ್ನು ಇಲ್ಲಿಯೇ ಹೇಳಿಬಿಡುತ್ತೇನೆ. ಅದು ಬೇಗ ಮುಗಿಯುವ ಮಾತು. ಮರುವರ್ಷ ವಿಮಲಾರ ತಾತ್ಕಾಲಿಕ ನೇಮಕವನ್ನು ಮುಂದುವರಿಸಲಿಲ್ಲ. ಅವರ ಕೋಣೆಯಲ್ಲಿ ಟೈಪಿಂಗ್ ಪರೀಕ್ಷೆಯ ತರಬೇತಿ ಶುರುವಾಯಿತು. ಕಂಪ್ಯೂಟರಿಗೆ ಹೊಸ ಹೊದಿಕೆ ಬಂದಿತು. ಅವರು ಬೇರೆ ಜಿಲ್ಲೆಯ ಯಾವುದೋ ಶಾಲೆಗೆ ಹೋದರೆಂದು ಕೇಳಿದೆ. ನಾನು ನಿವೃತ್ತನಾಗುವವರೆಗೆ ಸಮಾಸಗಳನ್ನು ಬಿಡಿಸುತ್ತಲೇ ಇದ್ದೆ. ಅತಿವ್ಯಾಪ್ತಿಯಾಯಿತೆಂದು ಯಾವ ಮಗುವೂ ಮತ್ತೆ ಓಡಿಬರಲಿಲ್ಲ. ಕೆಲವೊಮ್ಮೆ ಪಾಠದ ನಡುವೆ ಮಾತು ನಿಲ್ಲಿಸಿ ಪಕ್ಕದ ಗೋಡೆಗೆ ಕಿವಿಗೊಡುತ್ತಿದ್ದೆ. ಒಂದೇ ಲಯದಲ್ಲಿ ಗುಂಡಿಗಳನ್ನು ಒತ್ತುವ ಸದ್ದು ಕೇಳುತ್ತಿತ್ತು, ಯಾರೂ ಯಂತ್ರವನ್ನು "ತಡೀ, ತಡೀ" ಎನ್ನುತ್ತಿರಲಿಲ್ಲ.

ಆದರೆ ನನ್ನ ನೆನಪಿನಲ್ಲಿ ಆ ವರ್ಷ ಅಲ್ಲಿಗೆ ಮುಗಿಯುವುದಿಲ್ಲ. ಅದು ಮುಗಿಯುವುದು ಎರಡನೆಯ ಸರದಿಯ ನೀರು ಬಂದ ಬೆಳಗ್ಗೆ, ಹರಿಹರದ ಬಸ್ ನಿಲ್ದಾಣದಲ್ಲಿ. ನೀರು ಭಾನುವಾರವೋ ಸೋಮವಾರವೋ ಬಂದೀತೆಂದು ಕರಿಬಸಮ್ಮನ ಲೆಕ್ಕ ಹೇಳಿತ್ತು. ಸೋಮವಾರ ಬೆಳಗ್ಗೆ ನಾನು ದರ್ಶನ ಮುಗಿಸಿ, ಯಾವ ಕಾರಣವೂ ಇಲ್ಲದೆ, ನಿಲ್ದಾಣದ ಕಡೆ ನಡೆದೆ. ವಿಮಲಾರೂ ಇಮ್ತಿಯಾಜನೂ ಆಗಲೇ ಅಲ್ಲಿದ್ದರು. ಭಾನುವಳ್ಳಿಯ ಬಸ್ಸು ಧೂಳೆಬ್ಬಿಸಿಕೊಂಡು ಬಂದು ನಿಂತಿತು. ಹಾಲಿನ ಕ್ಯಾನುಗಳು ಇಳಿದವು, ಸೊಪ್ಪಿನ ಗಂಟುಗಳು ಇಳಿದವು. ಎಲ್ಲರಿಗಿಂತ ಕೊನೆಗೆ ಸಮವಸ್ತ್ರ ತೊಟ್ಟ ಕರಿಬಸಮ್ಮ, ಹಿಂದೆಯೇ ರುದ್ರಪ್ಪನವರು.

"ಬಾರಿಸ್ತು ಮಿಸ್!" ಎಂದಳು ಹುಡುಗಿ. ಮುಂದಿನ ಮಾತು ಯಾರಿಗೂ ಕೇಳಿಸಲಿಲ್ಲ. ಇಮ್ತಿಯಾಜ್ ಕೂಗಿದ ಕೂಗಿಗೆ ಕಂಡಕ್ಟರೂ ತಿರುಗಿ ನೋಡಿದ. ಮೂವರೂ ಮಾತಾಡುತ್ತ ಶಾಲೆಯ ಕಡೆ ಹೊರಟುಹೋದರು. ರುದ್ರಪ್ಪನವರು ನನ್ನ ಬಳಿ ಉಳಿದರು. ಅವರ ಕಣ್ಣುಗಳು ನಿದ್ದೆಗೆಟ್ಟು ಕೆಂಪಾಗಿದ್ದವು.

"ಗಂಟೆ ಇದ್ದರೂ ಮಲಗಲಿಲ್ಲವೇ?" ಎಂದೆ.

"ಇಲ್ರಿ. ತೂಬಿನ ಹತ್ರನೇ ಕುಂತಿದ್ದೆ." ಸುತ್ತ ನೋಡಿ ದನಿ ತಗ್ಗಿಸಿದರು. "ಕೋಳಿ ಕೂಗೋ ಹೊತ್ತಿಗೆ ನೀರು ಬಂತು. ಕೊಳವೆ ಮುಚ್ಚಳ ತೆಗೆದಿಟ್ಕೊಂಡಿದ್ದೆ. ಕೈಯಾಗೆ ಟವೆಲ್ ಒದ್ದಿ ಮಾಡಿ ಹಿಡ್ಕೊಂಡಿದ್ದೆ."

"ಒದ್ದೆ ಟವೆಲು ಯಾಕೆ?"

"ನೀರು ಮುಟ್ಟಿದ ಮ್ಯಾಲೂ ಅದು ಬಾರಿಸ್ಲಿಲ್ಲಂದ್ರೆ, ಆ ಎರಡು ಕಡ್ಡಿಗೆ ನಾನೇ ಒತ್ತಿಬಿಡಾನ ಅಂತ." ಅವರು ಟವೆಲನ್ನು ಹೆಗಲಿಂದ ತೆಗೆದು ಮುಖ ಒರೆಸಿಕೊಂಡರು. "ಒತ್ತೋ ಹಂಗಾಗ್ಲಿಲ್ಲ. ಅದೇ ಬಾರಿಸ್ತು. ಹುಡುಗೀಗೆ ಹೇಳಬ್ಯಾಡ್ರಿ ಗುರುಗಳೇ."

ನಾನು ಕೈಮುಗಿದೆ. ಮರಳುವ ಬಸ್ಸು ಸದ್ದು ಮಾಡತೊಡಗಿತ್ತು; ಕೆಮ್ಮುತ್ತ ಹತ್ತಿ, ಕಿಟಕಿಯ ಪಕ್ಕ ಕುಳಿತು, ಶಾಲೆಯ ರಸ್ತೆಯ ಕಡೆಗೇ ಮುಖ ಮಾಡಿಕೊಂಡು ಹೊರಟುಹೋದರು.